ಕರ್ನಾಟಕದ ಪ್ರಾಣಿಕಲೆ: ಊರ ಪ್ರದರ್ಶನಗಳು, ಸಣ್ಣ ಗ್ಯಾಲರಿಗಳು

ಪ್ರಾಣಿಯನ್ನೇ ಮುಖ್ಯ ವಸ್ತುವಾಗಿಟ್ಟುಕೊಂಡ ಚಿತ್ರ, ಶಿಲ್ಪ, ಗೊಂಬೆ, ಮುಖವಾಡ, ಮೈಬಣ್ಣ, ಛಾಯಾಚಿತ್ರಗಳನ್ನು ಊರಿನವರ ಮುಂದೆ ಇಡುವ ರೂಢಿ ಕರ್ನಾಟಕದಲ್ಲಿ ಕಲಾ ಗ್ಯಾಲರಿಗಳಿಗಿಂತ ಬಹಳ ಹಳೆಯದು. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಸಂತೆ, ದಸರೆಗೆ ಗೊಂಬೆ ಕೂರಿಸಿದ ಪಡಸಾಲೆ, ಕರಾವಳಿಯ ಭೂತಸ್ಥಾನ, ರಥಬೀದಿ, ಇವೆಲ್ಲ ತಮ್ಮದೇ ಕಟ್ಟಳೆಗಳಿರುವ ಪ್ರದರ್ಶನದ ಜಾಗಗಳು. ಚಿತ್ರಕಲಾ ಪರಿಷತ್ತು, ವೆಂಕಟಪ್ಪ ಗ್ಯಾಲರಿ, ಜಾನಪದ ವಸ್ತುಸಂಗ್ರಹಾಲಯ, ಬೀದಿಯಲ್ಲಿ ನಡೆಯುವ ಚಿತ್ರಸಂತೆ ಮೊದಲಾದವು 20ನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಇವುಗಳ ಸಾಲಿಗೆ ಸೇರಿದವು. ಊರ ಪ್ರದರ್ಶನವನ್ನು ದೊಡ್ಡ ವಸ್ತುಸಂಗ್ರಹಾಲಯದಿಂದ ಬೇರೆ ಮಾಡುವುದು ಅಲ್ಲಿಗೆ ಬರುವ ನೋಡುಗರು. ಮಣ್ಣಿನ ಎತ್ತನ್ನು ಕೊಳ್ಳುವವನ ಕೊಟ್ಟಿಗೆಯಲ್ಲಿ ಜೀವಂತ ಎತ್ತು ಇರುತ್ತದೆ, ಕಾಡುಹಂದಿಯ ಮುಖವಾಡಕ್ಕೆ ಕೈಮುಗಿಯುವವಳ ಗದ್ದೆಗೆ ಹಂದಿ ನುಗ್ಗಿರುತ್ತದೆ. ಪ್ರಾಣಿಯನ್ನು ಹತ್ತಿರದಿಂದ ಬಲ್ಲವರೇ ಪ್ರಾಣಿಕಲೆಯ ಮೊದಲ ಪರೀಕ್ಷಕರಾಗಿರುವುದು ಈ ಪರಂಪರೆಯ ದೊಡ್ಡ ಬಲ. ಆ ನಂಟು ಸಡಿಲವಾದ ಕಡೆಗಳಲ್ಲಿ ಕೃತಿಯೂ ಸೊರಗಿದೆ.

ಹಳೆಯ ಕುರುಹುಗಳು

ಬಳ್ಳಾರಿಯ ಬಳಿ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳ ಬಂಡೆಗಳ ಮೇಲೆ ನವಶಿಲಾಯುಗದಿಂದ ಮೊದಲುಗೊಂಡು ಕುಟ್ಟಿ ಬಿಡಿಸಿದ ಚಿತ್ರಗಳಿವೆ. ಅವುಗಳಲ್ಲಿ ಎದ್ದು ಕಾಣುವುದು ಉದ್ದ ಕೊಂಬಿನ, ಹಿಣಿಲುಳ್ಳ ಗೂಳಿ. ದನ ಸಾಕಿ ಬದುಕಿದ ಜನ ತಮ್ಮ ಸಂಪತ್ತನ್ನೇ ಬಂಡೆಗೆ ಇಳಿಸಿದ್ದಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದ ಪ್ರಾಣಿಗಳೂ ಮನುಷ್ಯರೂ ಒಟ್ಟೊಟ್ಟಿಗೆ ಕಾಣಿಸುತ್ತಾರೆ.

ಪ್ರಾಣಿಯ ರೂಪವನ್ನು ಊರಿನ ನೆನಪಿಗಾಗಿ ನಿಲ್ಲಿಸಿದ್ದಕ್ಕೆ ಆತಕೂರಿನ ಶಾಸನಕ್ಕಿಂತ ಮನಮುಟ್ಟುವ ಸಾಕ್ಷಿ ಬೇರೊಂದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಕ್ರಿ.ಶ. 949–50ರದು. ಗಂಗರ ಬೂತುಗನ ಸೇವಕ ಮಣಲೆರ ಎಂಬ ವೀರನಿಗೆ ಕಾಳಿ ಎಂಬ ನಾಯಿ ಇತ್ತು. ಅದು ಕಾಡುಹಂದಿಯೊಂದರ ಜತೆ ಹೋರಾಡಿ, ಹಂದಿಯೂ ನಾಯಿಯೂ ಎರಡೂ ಸತ್ತವು. ಸತ್ತ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ಮೈಕೊಟ್ಟು ಕಾದುವ ದೃಶ್ಯ ಇದೆ. ಚೋಳರೊಡನೆ ನಡೆದ ತಕ್ಕೋಲದ ಯುದ್ಧದ ವಿವರವೂ ಇದೇ ಶಾಸನದಲ್ಲಿ ಇರುವುದರಿಂದ ಇತಿಹಾಸಕಾರರು ಇದನ್ನು ಮತ್ತೆ ಮತ್ತೆ ಓದಿದ್ದಾರೆ. ಕಲೆಯ ದೃಷ್ಟಿಯಿಂದ ನೋಡಿದರೆ, ಹೆಸರಿರುವ ಒಂದು ಸಾಕುಪ್ರಾಣಿಯ ಚಿತ್ರ ನಾಡಿನಲ್ಲಿ ಇಷ್ಟು ಹಳೆಯ ಕಾಲದ್ದು ಉಳಿದುಬಂದಿರುವುದೇ ಅಪರೂಪ. 1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈಗ ಈ ಕಲ್ಲಿದೆ.

ಮಣ್ಣೆತ್ತು

ಉತ್ತರ ಕರ್ನಾಟಕದಲ್ಲಿ ಮುಂಗಾರು ಬಿತ್ತನೆಯ ಹೊತ್ತಿಗೆ ಎತ್ತಿಗೆ ಎರಡು ಹಬ್ಬ. ಜ್ಯೇಷ್ಠದ ಕಾರ ಹುಣ್ಣಿಮೆಯಂದು ಜೀವಂತ ಎತ್ತಿಗೆ ಸಿಂಗಾರ: ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಮೈಮೇಲೆ ಹುರಮಂಜಿನ ಗುರುತು ಹಾಕಿ, ಕೋಡಣಸು, ಗೊಂಡೆ, ಗೆಜ್ಜೆಸರ, ಬೆನ್ನಿಗೆ ಝೂಲ ತೊಡಿಸಿ ಓಡಿಸುತ್ತಾರೆ. ಇದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಮುಂದಿನ 15 ದಿನಕ್ಕೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಆಗ ಮಣ್ಣಿನ ಜೋಡೆತ್ತುಗಳನ್ನು ದೇವರ ಜಗಲಿಯ ಮೇಲೆ ಕೂರಿಸಿ, ಎದುರಿಗೆ ಮಣ್ಣಿನದೇ ಗ್ವಾದಲಿ (ಮೇವಿನ ತೊಟ್ಟಿ) ಇಟ್ಟು, ಹೋಳಿಗೆ ಕಡುಬಿನ ಎಡೆ ಹಿಡಿಯುತ್ತಾರೆ.

ಹಿಂದಿನವರು ಎರೆಮಣ್ಣನ್ನೋ ಹುತ್ತದ ಮಣ್ಣನ್ನೋ ತಂದು ಕಲಸಿ ಮನೆಯಲ್ಲೇ ಎತ್ತು ಮಾಡುತ್ತಿದ್ದರು. ಈಗ ಬಹುಪಾಲು ಮನೆಗಳಿಗೆ ಕುಂಬಾರರು ಮಾಡಿದ್ದೇ ಬರುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಪೇಟೆಗಳಲ್ಲಿ ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ ರಸ್ತೆಯ ಅಂಚಿಗೆ ಸಾಲು ಸಾಲು ಎತ್ತುಗಳು ನಿಲ್ಲುತ್ತವೆ. ಯಾವ ಆಹ್ವಾನಪತ್ರಿಕೆಯೂ ಇಲ್ಲದೆ, ಯಾರೂ ಉದ್ಘಾಟಿಸದೆ ನಡೆಯುವ ಈ ಎರಡು ದಿನದ ವ್ಯಾಪಾರವನ್ನು ರಾಜ್ಯದ ಅತಿ ದೊಡ್ಡ ಪ್ರಾಣಿಶಿಲ್ಪ ಪ್ರದರ್ಶನ ಎಂದರೆ ತಪ್ಪಾಗದು. ಕೊಳ್ಳುವವರು ಬರೀ ಚೆಂದ ನೋಡಿ ಕೈಹಾಕುವುದಿಲ್ಲ. ಹಿಣಿಲು ಸರಿಯಾಗಿ ಎದ್ದಿದೆಯೇ, ಕೋಡು ಹಿಂದಕ್ಕೆ ಬಾಗಿ ಮೇಲಕ್ಕೆ ಏರಿದೆಯೇ, ಎರಡೂ ಒಂದೇ ಎತ್ತರಕ್ಕೆ ನಿಂತಿವೆಯೇ, ಅಂದರೆ ನೊಗಕ್ಕೆ ಹೊಂದುವ ಜೋಡಿಯೇ ಎಂದು ನೋಡುತ್ತಾರೆ. ವಿಜಯಪುರದ ಕಡೆಯ ಮಣ್ಣೆತ್ತಿನಲ್ಲಿ ಖಿಲಾರಿ ತಳಿಯ ಮೈಕಟ್ಟು ಇಣುಕುವುದು ಸಹಜವೇ. ಕುಂಬಾರ ಕಂಡು ಬೆಳೆದ ಎತ್ತು ಅದೇ.

ಮರುದಿನ ಮಕ್ಕಳ ಪಾಳಿ. ಕಾಲು ಮುರಿದ ಒಂದು ಮಣ್ಣೆತ್ತನ್ನು ಹಿಡಿದು, ಎತ್ತು ಕುಂಟಾಗಿದೆ, ಜೋಳ ನೀಡಿ ಎಂದು ಹಾಡುತ್ತ ಮನೆ ಮನೆಗೆ ಹೋಗುತ್ತಾರೆ. ಬಂದ ಕಾಳು ಕಾಸಿನಿಂದ ತಿಂಡಿ ಕೊಂಡು ಹಂಚಿಕೊಂಡು, ಕಡೆಗೆ ಎತ್ತನ್ನು ನೀರಿಗೆ ಬಿಡುತ್ತಾರೆ. ಹೀಗೆ ಒಂದು ಶಿಲ್ಪ ಸಂತೆಯಿಂದ ಜಗಲಿಗೆ, ಜಗಲಿಯಿಂದ ಬೀದಿಗೆ, ಬೀದಿಯಿಂದ ಹಳ್ಳಕ್ಕೆ ಹೋಗಿ ಎರಡು ಮೂರು ದಿನದಲ್ಲಿ ಮತ್ತೆ ಮಣ್ಣಾಗುತ್ತದೆ. ಹಾಗಾಗಿಯೇ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಮಣ್ಣೆತ್ತುಗಳು ಸಿಗುವುದು ಕಡಿಮೆ. ಕೈಯ ಕಸುಬು ಮಾತ್ರ ವರ್ಷದಿಂದ ವರ್ಷಕ್ಕೆ ದಾಟುತ್ತದೆ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದ ಊರುಗಳಲ್ಲಿಯೂ ಹಬ್ಬ ನಿಂತಿಲ್ಲ. ಆದರೆ ಅಚ್ಚಿನಲ್ಲಿ ಒತ್ತಿ ಎಣ್ಣೆಬಣ್ಣ ಬಳಿದ ಎತ್ತುಗಳು ಹೆಚ್ಚುತ್ತಿವೆ. ಎತ್ತನ್ನು ದಿನವೂ ಕಾಣದ ಕಣ್ಣಿಗೆ ಕೈಯಲ್ಲಿ ತಿದ್ದಿದ್ದಕ್ಕೂ ಅಚ್ಚಿನದಕ್ಕೂ ಇರುವ ಅಂತರ ಬೇಗ ಹೊಳೆಯುವುದಿಲ್ಲ.

ಗೊಂಬೆಗಳು

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೇಲೆ ಕೆಲಸ ಮಾಡುತ್ತಾರೆ. ಕೆತ್ತಿದ ಬಿಡಿ ಭಾಗಗಳನ್ನು ಹುಣಸೆಬೀಜದ ಸರಿಯಿಂದ ಜೋಡಿಸಿ, ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಸರಿ ಸೇರಿಸಿ ಮಾಡಿದ ಕಿಟ್ಟವನ್ನು ಮೇಲೆ ಬಳಿದು, ಕಲ್ಲಿನ ಪುಡಿಯ ಲೇಪದಿಂದ ಆಭರಣಗಳನ್ನು ಉಬ್ಬಿಸಿ ಆಮೇಲೆ ಬಣ್ಣ ಕೊಡುತ್ತಾರೆ. ಗರುಡ, ಕಾಮಧೇನು, ಆನೆ, ಕುದುರೆ, ನವಿಲು ಇವರ ಕೈಯ ಹಳೆಯ ವಸ್ತುಗಳು. ದೇವಸ್ಥಾನಗಳಿಗೆ ವಾಹನಗಳನ್ನು ಮಾಡಿಕೊಡುವುದೂ ಇವರ ಕಸುಬಿನ ಭಾಗ. ಉತ್ಸವದ ದಿನ ದೇವರನ್ನು ಹೊತ್ತು ಬೀದಿಗಿಳಿಯುವ ಸಿಂಹ, ನಂದಿ, ಗರುಡ, ಇಲಿ, ನವಿಲುಗಳನ್ನು ಭಕ್ತರು ಪ್ರಾಣಿಶಿಲ್ಪ ಎಂದು ಕರೆಯದೆ ಇರಬಹುದು. ಆದರೂ ಕೂರ್ಮೆಯ ಕಣ್ಣಿಟ್ಟು ನೋಡುತ್ತಾರೆ, ಬಣ್ಣ ಮಾಸಿದರೆ ಊರೇ ಮಾತಾಡಿಕೊಳ್ಳುತ್ತದೆ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ.

ಚನ್ನಪಟ್ಟಣದ ದಾರಿ ಬೇರೆ. ಅಲ್ಲಿ ಆಲೆಮರದ ತುಂಡನ್ನು ಯಂತ್ರದ ಮೇಲೆ ತಿರುಗಿಸಿ ಕಡೆಯುತ್ತಾರೆ. ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ಕೇದಗೆಯ ಎಲೆಯಿಂದ ಹೊಳಪು ಕೊಡುತ್ತಾರೆ. ತಿರುಗಿಸಿ ಕಡೆದದ್ದೆಲ್ಲ ದುಂಡಗೇ ಬರಬೇಕಾದ್ದರಿಂದ ಚನ್ನಪಟ್ಟಣದ ಆನೆ, ಬಾತು, ಜಿರಾಫೆಗಳೆಲ್ಲ ಗುಂಡು ಮತ್ತು ಕೊಳವೆಗಳ ಜೋಡಣೆ. ಯಂತ್ರದ ಮಿತಿಯೇ ಒಂದು ಶೈಲಿಯಾಗಿ ಬೆಳೆದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾಡಿನಲ್ಲಿ ಸಿಗದು.

ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳಿಗೆ ಮೇಲಿನ ಮೆಟ್ಟಿಲು. ಪ್ರಾಣಿಗಳಿಗೆ ಕೆಳಗಿನ ಮೆಟ್ಟಿಲೋ, ನೆಲದ ಮೇಲೆ ಮಕ್ಕಳು ಕಟ್ಟುವ ಕಾಡೋ ಮೀಸಲು. ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹುಲ್ಲುಗಾವಲು ಮಾಡಿ, ಅದರ ಮೇಲೆ ಜಿಂಕೆ, ಹುಲಿ, ಹಸು, ಮೊಸಳೆಗಳನ್ನು ನಿಲ್ಲಿಸುತ್ತಾರೆ. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ದಸರೆಯ ಸುಮಾರಿಗೆ ಏರ್ಪಡಿಸುವ ಬೊಂಬೆ ಮನೆ ಪ್ರದರ್ಶನಕ್ಕೆ ದೇಶದ ಬೇರೆ ಬೇರೆ ಕಡೆಯ ಗೊಂಬೆಗಳು ಬರುತ್ತವೆ. ಅದೇ ದಿನಗಳಲ್ಲಿ ಜಂಬೂ ಸವಾರಿಯ ಆನೆಗಳಿಗೆ ಚಿತ್ರಕಾರರು ಸೊಂಡಿಲು, ಹಣೆ, ಕಿವಿ, ಕಾಲುಗಳ ಮೇಲೆ ಹೂಬಳ್ಳಿ, ಶಂಖ, ಚಕ್ರ, ಗಂಡಭೇರುಂಡಗಳನ್ನು ಬಿಡಿಸುತ್ತಾರೆ. 750 ಕೆ.ಜಿ. ತೂಕದ ಚಿನ್ನದ ಅಂಬಾರಿಯ ಕಡೆಗೇ ಎಲ್ಲರ ಕಣ್ಣು ಹೋಗುವುದರಿಂದ ಆನೆಯ ಚರ್ಮದ ಸುಕ್ಕುಗಳಿಗೆ ಹೊಂದಿಸಿ ಗೆರೆ ಎಳೆಯುವ ಈ ಕೆಲಸಕ್ಕೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲ. ಶ್ರೀರಂಗಪಟ್ಟಣದಲ್ಲಿ ಗಂಜೀಫಾ ರಘುಪತಿ ಭಟ್ಟರು ಮತ್ತೆ ಬೆಳಕಿಗೆ ತಂದ, ಇಸ್ಪೀಟಿನಂಥ ಗಂಜೀಫಾ ಎಲೆಗಳಲ್ಲಿಯೂ ಮತ್ಸ್ಯ, ಕೂರ್ಮ, ವರಾಹಗಳ ಒಂದು ಪುಟ್ಟ ಲೋಕವಿದೆ. ದಶಾವತಾರದ ಒಂದು ಕಟ್ಟಿನಲ್ಲಿ 120 ಎಲೆಗಳಿರುತ್ತವೆ.

ತೊಗಲು ಗೊಂಬೆ

ಶಿಳ್ಳೆಕ್ಯಾತ ಸಮುದಾಯದ ತೊಗಲು ಗೊಂಬೆಗಳಲ್ಲಿ ಮಾಯಾಜಿಂಕೆ, ಜಟಾಯು, ಹನುಮಂತ, ಕಪಿಸೇನೆ, ಆನೆ, ಕುದುರೆಗಳಿಗೆ ರಾಮ ರಾವಣರಷ್ಟೇ ಜಾಗ ಇದೆ. ಪಕ್ಕದ ಆಂಧ್ರದಲ್ಲಿ ಆಳೆತ್ತರದ, ಕೈಕಾಲು ಬಿಡಿಬಿಡಿಯಾಗಿ ಆಡುವ ಗೊಂಬೆಗಳು ಹೆಚ್ಚು. ಕರ್ನಾಟಕದ ಕಲಾವಿದರು ಇಡೀ ಒಂದು ದೃಶ್ಯವನ್ನೇ ಒಂದೇ ತೊಗಲಿನಲ್ಲಿ ಕತ್ತರಿಸುವುದೂ ಉಂಟು: ರಥ, ಕುದುರೆ, ಸಾರಥಿ, ಮೇಲೆ ಹಕ್ಕಿ, ಕೆಳಗೆ ಮೀನು ಎಲ್ಲ ಒಟ್ಟಿಗೆ. ಹದಮಾಡಿದ ತೊಗಲಿಗೆ ಬೆಳಕು ಹಾದುಹೋಗುವ ಗುಣವಿದೆ. ಬಣ್ಣ ತುಂಬಿ, ಆಭರಣದ ಜಾಗಕ್ಕೆ ಸಣ್ಣ ಸಣ್ಣ ರಂಧ್ರ ಹೊಡೆದರೆ ದೀಪದ ಮುಂದೆ ಅವು ಮಿನುಗುತ್ತವೆ. ಹಿಂದೆ ದೇವತಾಪಾತ್ರಗಳಿಗೆ ಜಿಂಕೆಯ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಮೇಕೆಯ ಚರ್ಮವೇ ಗತಿಯಾಯಿತು. ಜಿಂಕೆಯನ್ನು ಉಳಿಸಲು ಬಂದ ಕಾನೂನು ಜಿಂಕೆಯ ಗೊಂಬೆಯನ್ನು ಮೇಕೆಯ ತೊಗಲಿಗೆ ತಂದದ್ದು ಕಾಲದ ಹದವಾದ ಬದಲಾವಣೆ, ಆಟಕ್ಕೆ ಅದರಿಂದ ಕುಂದೇನೂ ಬರಲಿಲ್ಲ.

ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ತಿರುಗಿ ಹಳೆಯ ತೊಗಲು ಗೊಂಬೆಗಳನ್ನು ಕೂಡಿಹಾಕಿದರು. ಪರಿಷತ್ತಿನ ಆ ಸಂಗ್ರಹ ಇಲ್ಲದಿದ್ದರೆ ಎಷ್ಟೋ ಗೊಂಬೆಗಳು ಇಲಿ ಹುಳುಗಳ ಪಾಲಾಗುತ್ತಿದ್ದವು. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ರಂಗಭೂಮಿಯ ಅನುಭವವನ್ನು ತೊಗಲು ಗೊಂಬೆಗೆ ತಂದು ಹೊಸ ಕಥೆಗಳನ್ನು ಆಡಿಸಿದರು. ಈ ಕಲೆಯನ್ನು ಪ್ರದರ್ಶನಕ್ಕೆ ಇಡುವವರು ಒಂದು ಸಂಗತಿಯನ್ನು ಗಮನಿಸಬೇಕು. ತೊಗಲು ಗೊಂಬೆಗೆ ಕಟ್ಟು ಹಾಕಿ ಗೋಡೆಗೆ ಒತ್ತಿ ತೂಗುಹಾಕಿದರೆ, ಮುಂದಿನಿಂದ ಬೀಳುವ ಬೆಳಕಿಗೆ ಅದು ಕಂದು ಕಾಗದದಂತೆ ಮಂಕಾಗುತ್ತದೆ. ಬೆಳಕು ಹಿಂದಿನಿಂದ ಬರಲೇಬೇಕು. ಎಷ್ಟೋ ಸಣ್ಣ ಸಂಗ್ರಹಾಲಯಗಳಲ್ಲಿ ಇಷ್ಟು ಸುಲಭದ ಏರ್ಪಾಡು ಆಗಿಲ್ಲ. ನೋಡಲು ಬರುವ ಶಾಲಾಮಕ್ಕಳು ಮಾಯಾಜಿಂಕೆಯ ಮೈಚುಕ್ಕೆ ಹೊಳೆಯುವುದನ್ನು ಕಾಣದೆಯೇ ಮನೆಗೆ ಹೋಗುತ್ತಾರೆ.

ಕರಾವಳಿ: ಪಂಜುರ್ಲಿ, ಪಿಲಿ

ತುಳುನಾಡಿನ ದೈವಗಳಲ್ಲಿ ಪ್ರಾಣಿಮೂಲದವು ಹಲವು. ಪಂಜುರ್ಲಿಗೆ ಹಂದಿಯ ಮುಖ, ಪಿಲಿಚಾಮುಂಡಿಗೆ ಹುಲಿಯದು, ಮೈಸಂದಾಯ, ನಂದಿಗೋಣಗಳಿಗೆ ಕೋಣ ಬಸವನ ರೂಪ. ಲೋಹದ ಮೊಗಗಳನ್ನು ಭೂತಸ್ಥಾನದಲ್ಲಿ ಕಾಪಿಟ್ಟು ನೇಮದ ದಿನ ಮಾತ್ರ ಹೊರಗೆ ತೆಗೆಯುತ್ತಾರೆ. ಹಲಸಿನ ಮರದಲ್ಲಿ ಕಡೆದು ಬಣ್ಣ ಬಳಿದ ಆಳೆತ್ತರದ ವಿಗ್ರಹಗಳಿಗೆ ಉಡುಪಿ ಜಿಲ್ಲೆಯ ಶಿರಿಯಾರದ ಬಳಿಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನ ಹೆಸರಾದುದು. ಕೆಂಪು, ಹಳದಿ, ಕಪ್ಪು ಬಣ್ಣದ ಹುಲಿ, ಹಂದಿ, ನಂದಿ, ಕುದುರೆ ಏರಿದ ವೀರರು ಅಲ್ಲಿ ಸಾಲುಗಟ್ಟಿ ನಿಂತಿದ್ದಾರೆ. 20ನೆಯ ಶತಮಾನದ ನಡುವಿನ ದಶಕಗಳಲ್ಲಿ ಅಲ್ಲಿನ ಹಳೆಯ ವಿಗ್ರಹಗಳ ಬದಲು ಹೊಸವನ್ನು ಕೂರಿಸಲಾಯಿತು. ತೆಗೆದಿಟ್ಟ ಹಳೆಯ ವಿಗ್ರಹಗಳಲ್ಲಿ ಹಲವು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು.

ಎರಡು ಕಡೆಯ ನೋಟವನ್ನು ಹೋಲಿಸಿದರೆ ಪ್ರದರ್ಶನದ ಅರ್ಥವೇ ಬದಲಾಗಿರುವುದು ತಿಳಿಯುತ್ತದೆ. ದೆಹಲಿಯಲ್ಲಿ ನೋಡುಗ ತನಗೆ ಬೇಕಾದಷ್ಟು ಹೊತ್ತು, ಬೇಕಾದಷ್ಟು ಹತ್ತಿರ ನಿಂತು ಉಳಿಯ ಗುರುತುಗಳನ್ನು ನೋಡಬಹುದು. ಹಳೆಯ ಮರ, ಮಾಸಿದ ಬಣ್ಣ, ಕಾಲದ ಹೊಡೆತ ಎಲ್ಲವನ್ನೂ ಕಾಪಾಡಿದ್ದಾರೆ. ಮೆಕ್ಕೆಕಟ್ಟಿನಲ್ಲಿ ಮರ ಹೊಸದು, ಬಣ್ಣ ಹೊಸದು, ಶಕ್ತಿ ಮಾತ್ರ ಹಳೆಯದೆಂದು ನಂಬಿಕೆ. ಅಲ್ಲಿ ವಿಗ್ರಹ ಭಕ್ತರನ್ನು ನೋಡುತ್ತದೆ. ಕಲಾ ಇತಿಹಾಸಕ್ಕೆ ಮೊದಲನೆಯದೂ ಊರಿಗೆ ಎರಡನೆಯದೂ ಬೇಕು, ಒಂದು ಇನ್ನೊಂದರ ಬದಲಿಯಾಗಲಾರದು. ಹಂದಿ ಬೆಳೆ ತಿನ್ನುವ ಪ್ರಾಣಿ, ಅದನ್ನೇ ಬೆಳೆ ಕಾಯುವ ದೈವವಾಗಿ ನಿಲ್ಲಿಸಿಕೊಂಡ ಕೃಷಿಕರ ಮನಸ್ಸನ್ನು ಬಲ್ಲವರಿಗಷ್ಟೇ ಪಂಜುರ್ಲಿಯ ಕೋರೆಹಲ್ಲು ಅಷ್ಟು ಸಿಟ್ಟಾಗಿಯೂ ಅಷ್ಟು ಆಪ್ತವಾಗಿಯೂ ಯಾಕಿದೆ ಎಂಬುದು ಅರ್ಥವಾಗುತ್ತದೆ.

ಹುಲಿವೇಷದಲ್ಲಿ ಮನುಷ್ಯನ ಮೈಯೇ ಚಿತ್ರಪಟ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ, ಮಂಗಳೂರಿನಲ್ಲಿ ನವರಾತ್ರಿಗೆ ತಂಡ ತಂಡವಾಗಿ ಹುಲಿಗಳು ಬೀದಿಗಿಳಿಯುತ್ತವೆ. ಬಣ್ಣ ಹಚ್ಚಲು ಗಂಟೆಗಟ್ಟಲೆ ಹೊತ್ತು ಬೇಕು. ಮೊದಲು ಮೈತುಂಬ ಅಡಿಬಣ್ಣ, ಅದು ಒಣಗುವವರೆಗೆ ಕೈಗಳನ್ನು ಮೈಗೆ ತಾಗಿಸದಂತೆ ಕೋಲಿನ ಮೇಲೆ ಚಾಚಿಕೊಂಡು ನಿಲ್ಲಬೇಕು, ಆಮೇಲೆ ಕಪ್ಪು ಗೆರೆಗಳು. ಉದ್ದ ಪಟ್ಟೆಯದು ಪಟ್ಟೆಹುಲಿ, ಚುಕ್ಕೆಯದು ಚಿಟ್ಟೆಹುಲಿ, ಇವಲ್ಲದೆ ಕಪ್ಪು ಹುಲಿಯೂ ಉಂಟು. ಹೊಟ್ಟೆಯ ಮೇಲೆ ಹುಲಿಯ ಮುಖ ಬರೆದು, ಉಸಿರಾಟಕ್ಕೆ ಆ ಮುಖ ಹಿಗ್ಗಿ ಕುಗ್ಗುವಂತೆ ಮಾಡುವ ಚಿತ್ರಕಾರರಿದ್ದಾರೆ. ತಾಸೆಯ ಪೆಟ್ಟಿಗೆ ಹೆಜ್ಜೆ ಬಿದ್ದಾಗಲೇ ಗೆರೆಗಳಿಗೆ ಜೀವ. ಸ್ನಾಯುವಿನ ಚಲನೆಯನ್ನು ಮೊದಲೇ ಲೆಕ್ಕ ಹಾಕಿ ಗೆರೆ ಎಳೆದಿರುವುದು ಆಗ ಗೊತ್ತಾಗುತ್ತದೆ. ಎನಾಮಲ್ ಬಣ್ಣ ಬಂದ ಮೇಲೆ ಹೊಳಪು ಹೆಚ್ಚಿತು, ಬೆವರಿಗೆ ಬಣ್ಣ ಇಳಿಯುವುದು ನಿಂತಿತು. ಆದರೆ ಅದನ್ನು ತೆಗೆಯಲು ಸೀಮೆಎಣ್ಣೆ ಬೇಕಾಗುತ್ತದೆ, ಚರ್ಮಕ್ಕೆ ಹಾನಿ ತಪ್ಪದು. ಚರ್ಮಕ್ಕೆ ಒಗ್ಗುವ, ಬೆವರಿಗೆ ಅಳಿಯದ, ತಂಡಗಳ ಕೈಗೆಟುಕುವ ಬೆಲೆಯ ಬಣ್ಣವೊಂದು ಸಿಕ್ಕಿದರೆ ಈ ಕಲೆಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಈಚಿನ ವರ್ಷಗಳಲ್ಲಿ ಮಂಗಳೂರಿನಲ್ಲಿ ಪಿಲಿನಲಿಕೆ, ಪಿಲಿ ಪರ್ಬದಂತಹ ಸ್ಪರ್ಧೆಗಳು ನಡೆಯುತ್ತಿವೆ. ಅಲ್ಲಿ ಕುಣಿತದಷ್ಟೇ ಬಣ್ಣಗಾರಿಕೆಯೂ ನೆರೆದವರ ಚರ್ಚೆಗೆ ಒಳಗಾಗುತ್ತದೆ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ (1911–1996) ಚಿತ್ರಗಳಿಗೂ ಈ ನೆಲದ ನೆನಪು ಅಂಟಿಕೊಂಡಿದೆ. ಮುಂಬಯಿಯಲ್ಲಿ ನೆಲೆಸಿದ ಅವರು ಬಾಲ್ಯದಲ್ಲಿ ಕಂಡ ಕೋಳಿ ಅಂಕವನ್ನು ಕ್ಯಾನ್ವಾಸಿಗೆ ತಂದರು. ಕುಣಿತ, ಕಾದಾಟಗಳ ವೇಗವನ್ನು ಒಂದೇ ಹರಿಯುವ ಗೆರೆಯಲ್ಲಿ ಹಿಡಿಯುವುದು ಅವರ ಕೈಗುಣ. ಅವರ ಹೆಸರಿನ ಕಲಾಕೇಂದ್ರ ಮಣಿಪಾಲದಲ್ಲಿದೆ.

ನಗರದ ಗೋಡೆ, ನಗರದ ಬೀದಿ

1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತು, 1970ರ ದಶಕದಲ್ಲಿ ಕಲಾವಿದ ಕೆ. ವೆಂಕಟಪ್ಪನವರ ಹೆಸರಿನಲ್ಲಿ ತೆರೆದ ಸರ್ಕಾರಿ ಗ್ಯಾಲರಿ, 2003ರಲ್ಲಿ ಮನೆಯೊಂದರಲ್ಲಿ ಶುರುವಾದ ಒನ್ ಶಾಂತಿ ರೋಡ್ ಎಂಬ ಕಲಾತಾಣ ಇವು ಬೆಂಗಳೂರಿನ ಕಲಾವಿದರಿಗೆ ಮೊದಲ ಗೋಡೆ ಒದಗಿಸಿದ ಜಾಗಗಳು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗದಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಕಲಾಶಾಲೆಗಳಿಂದ ಹೊರಬಂದ ಚಿತ್ರಕಲಾ ಶಿಕ್ಷಕರು ಉತ್ತರ ಕರ್ನಾಟಕದ ಸಣ್ಣ ಊರುಗಳಿಗೂ ಪ್ರದರ್ಶನದ ರೂಢಿ ಒಯ್ದರು. ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯ ಮತ್ತು ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ಆರಂಭಿಸಿದ ಜಾನಪದ ಲೋಕ ಇವೆರಡರಲ್ಲಿ ಪ್ರಾಣಿರೂಪದ ಜನಪದ ವಸ್ತುಗಳು ಹೇರಳವಾಗಿವೆ.

2000ದ ದಶಕದಿಂದ ವರ್ಷದ ಆರಂಭದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆ ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಸೆಳೆಯುತ್ತದೆ. ಒಂದು ದಿನದ ಮಟ್ಟಿಗೆ ರಸ್ತೆಯ ಎರಡೂ ಬದಿ ಚಿತ್ರಗಳೇ. ಗ್ಯಾಲರಿಯ ಬಾಗಿಲು ದಾಟಲು ಹಿಂಜರಿಯುವವರೂ ಅಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. 2020ರ ಸಂತೆಯನ್ನು ರೈತರಿಗೆ ಅರ್ಪಿಸಲಾಗಿತ್ತು. ಸಂತೆಯಲ್ಲಿ ಕಾಣುವ ಪ್ರಾಣಿಗಳಲ್ಲಿ ನಂದಿ, ಆನೆ, ಹುಲಿಯ ಮುಖ, ಓಡುವ ಏಳು ಕುದುರೆಗಳು ಮುಖ್ಯ. ಏಳು ಕುದುರೆಯ ಚಿತ್ರ ಮನೆಗೆ ಒಳ್ಳೆಯದೆಂಬ ವಾಸ್ತು ನಂಬಿಕೆ ಅದರ ಬೇಡಿಕೆಗೆ ಕಾರಣ. ಮನೆಗೆ ಮಂಗಳವಾಗಲಿ ಎಂದು ಚಿತ್ರ ಕೊಳ್ಳುವುದರಲ್ಲಿ ಹಳೆಯ ಹಸೆ, ರಂಗೋಲಿಗಳ ಮನಸ್ಸೇ ಇದೆ, ಅದನ್ನು ಹಗುರಾಗಿ ಕಾಣಬೇಕಿಲ್ಲ. ಆದರೆ ಬಹಳಷ್ಟು ಏಳು ಕುದುರೆಗಳು ಅಚ್ಚಾದ ಚಿತ್ರವನ್ನು ನೋಡಿ ಬರೆದವು. ಗೊರಸು ನೆಲಕ್ಕೆ ತಾಗುವ ರೀತಿ, ಭುಜದ ಸ್ನಾಯು ಎಳೆಯುವ ಬಗೆಗಳಲ್ಲಿ ಅದು ಗೊತ್ತಾಗಿಬಿಡುತ್ತದೆ. ಅವುಗಳ ಪಕ್ಕದಲ್ಲೇ, ತನ್ನೂರಿನ ಜಾತ್ರೆಯ ಹಳ್ಳಿಕಾರ್ ಹೋರಿಯನ್ನು ಇದ್ದಿಲಿನಲ್ಲಿ ಬರೆದು ತಂದ ಯುವ ಕಲಾವಿದನ ಹಾಳೆ ಇದ್ದರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ.

ಪ್ರಾಣಿಯ ಆಕಾರವೇ ಇಲ್ಲದೆ ಪ್ರಾಣಿಯನ್ನು ತಂದವರೂ ಇದ್ದಾರೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದಲ್ಲಿ ಎಣ್ಣೆಬಣ್ಣ ಬಿಟ್ಟು ಸಗಣಿಯನ್ನು ಮಾಧ್ಯಮವಾಗಿ ಎತ್ತಿಕೊಂಡರು. ದೇಶದಲ್ಲಿ ಕೋಮುಹಿಂಸೆ ಹೆಚ್ಚಿದ್ದ ಕಾಲವದು. ಬೆರಣಿ ತಟ್ಟುವ ಹೆಣ್ಣಿನ ಕೈ, ಪವಿತ್ರವೆಂಬ ನಂಬಿಕೆ, ಉರುವಲು, ಗೊಬ್ಬರ ಎಲ್ಲವೂ ಆ ಕೃತಿಗಳಲ್ಲಿ ಬೆರೆತಿವೆ. ಹಸುವಿನ ಚಿತ್ರ ಬರೆದಿದ್ದರೆ ಇಷ್ಟು ಮಾತು ಹೊರಡುತ್ತಿರಲಿಲ್ಲ.

ಬೇಟೆಯಿಂದ ಕ್ಯಾಮೆರಾಕ್ಕೆ

ಮೈಸೂರಿನ ವ್ಯಾನ್ ಇಂಗನ್ ಸಂಸ್ಥೆ 20ನೆಯ ಶತಮಾನದ ಉದ್ದಕ್ಕೂ ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮಕ್ಕೆ ಒಳತುಂಬಿ ಜೀವಂತವೆನಿಸುವಂತೆ ನಿಲ್ಲಿಸುವುದರಲ್ಲಿ ಜಗತ್ತಿಗೇ ಹೆಸರಾಗಿತ್ತು, 1999ರಲ್ಲಿ ಮುಚ್ಚಿತು. ಅರಮನೆ ಬಂಗಲೆಗಳ ಗೋಡೆಯ ಆ ಹುಲಿತಲೆಗಳ ಜಾಗಕ್ಕೆ ನಿಧಾನವಾಗಿ ಛಾಯಾಚಿತ್ರ ಬಂತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ಕಪ್ಪುಬಿಳುಪು ಚಿತ್ರಗಳಲ್ಲಿ ಮಂಜು, ಧೂಳು, ಬೆಳಕಿನ ನಡುವೆ ಪ್ರಾಣಿ ತನ್ನ ಜಾಗದಲ್ಲೇ ಇದೆ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಹವ್ಯಾಸಿ ಸಂಘಗಳ ಪ್ರದರ್ಶನಗಳು ಒಂದು ತಲೆಮಾರಿಗೆ ಕಾಡು ನೋಡುವ ಕಣ್ಣು ಕೊಟ್ಟವು. ಹಾಗೆಯೇ, ದಂತದ ವ್ಯಾಪಾರ ನಿಷೇಧವಾದ ಮೇಲೆ ಮೈಸೂರಿನ ಬೀಟೆಮರದ ಕುಸುರಿ ಕೆಲಸದಲ್ಲಿಯೂ ದಂತದ ಬದಲು ಪ್ಲಾಸ್ಟಿಕ್, ಬಣ್ಣಬಣ್ಣದ ಮರದ ತುಣುಕುಗಳು ಬಂದವು. ಮರದ ಮೇಲಿನ ಆನೆಗೆ ಈಗ ನಿಜವಾದ ಆನೆಯ ದಂತ ಬೇಡ.

ಲಂಟಾನದ ಆನೆಗಳು

ಈ ಶತಮಾನದಲ್ಲಿ ಊರ ಕಲೆ ಮತ್ತು ಪ್ರಾಣಿಯ ಬದುಕು ಒಂದನ್ನೊಂದು ನೇರವಾಗಿ ಮುಟ್ಟಿದ್ದು ಲಂಟಾನದ ಆನೆಗಳಲ್ಲಿ. ಅಮೆರಿಕ ಖಂಡದಿಂದ ತೋಟದ ಅಂದಕ್ಕೆಂದು ತಂದ ಲಂಟಾನ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ನೀಲಗಿರಿಯ ಕಾಡುಗಳಲ್ಲಿ ಪೊದೆಗಟ್ಟಿ ಹಬ್ಬಿ, ಹುಲ್ಲನ್ನೂ ಸ್ಥಳೀಯ ಗಿಡಗಳನ್ನೂ ಮೇಲೇಳಗೊಡದೆ ಕಾಡಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗ ಬುಡಕಟ್ಟಿನವರು 2000ದ ದಶಕದಲ್ಲೇ ಬಿದಿರು, ಬೆತ್ತದ ಬದಲು ಲಂಟಾನದಿಂದ ಕುರ್ಚಿ, ಬುಟ್ಟಿ ಹೆಣೆಯಲು ಕಲಿತರು. ಮುಂದೆ ನೀಲಗಿರಿಯ ಗೂಡಲೂರು ಕಡೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಸಮುದಾಯಗಳವರೂ ಸೋಲಿಗರೂ ರಿಯಲ್ ಎಲಿಫೆಂಟ್ ಕಲೆಕ್ಟಿವ್ ಎಂಬ ಬಳಗದ ಜತೆಗೂಡಿ ನಿಜದ ಅಳತೆಯ ಆನೆಗಳನ್ನು ಮಾಡತೊಡಗಿದರು.

ಕಡಿದು ತಂದ ಕಾಂಡವನ್ನು ನೀರಿನಲ್ಲಿ ಕುದಿಸಿ ಸಿಪ್ಪೆ ಸುಲಿದರೆ ಬಾಗುವ ಗುಣ ಬರುತ್ತದೆ. ಕಬ್ಬಿಣದ ಚೌಕಟ್ಟಿನ ಮೇಲೆ ಆ ಕೋಲುಗಳನ್ನು ಒಂದರ ಪಕ್ಕ ಒಂದು ಬಾಗಿಸಿ ಬಿಗಿಯುತ್ತ ಹೋಗುತ್ತಾರೆ. ದೂರದಿಂದ ನೋಡಿದರೆ ಆನೆಚರ್ಮದ ಸುಕ್ಕೇ ಕಣ್ಣಿಗೆ ಬೀಳುತ್ತದೆ, ಹತ್ತಿರ ಹೋದ ಮೇಲಷ್ಟೇ ಕೋಲುಗಳು. ಇವನ್ನು ಊಹಿಸಿ ಮಾಡಿಲ್ಲ. ಗೂಡಲೂರಿನ ಸುತ್ತ ತೋಟ, ಮನೆಗಳ ನಡುವೆ ಓಡಾಡುವ, ಜನ ಗುರುತು ಹಿಡಿಯುವ ಕಾಡಾನೆಗಳೇ ಮಾದರಿ. ಕಿವಿಯ ಹರಕು, ದಂತದ ಬಾಗು, ನಿಲ್ಲುವ ಭಂಗಿ ಎಲ್ಲ ಅವುಗಳವೇ. ಆತಕೂರಿನ ಕಾಳಿಯ ಹಾಗೆ ಇಲ್ಲಿಯೂ ಕೃತಿಗೆ ಹಿಂದೆ ಇಂಥದ್ದೇ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಜೀವ ಇದೆ.

2021ರಲ್ಲಿ ಈ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದವು. ಅದೇ ವರ್ಷ 100 ಆನೆಗಳ ಹಿಂಡೊಂದು ಅಮೆರಿಕದ ನ್ಯೂಪೋರ್ಟ್, ನ್ಯೂಯಾರ್ಕ್, ಮಯಾಮಿಗಳಲ್ಲಿ ಸಂಚಾರ ಹೊರಟಿತು. ಮಾರಾಟದ ಹಣ ಮನುಷ್ಯ–ಪ್ರಾಣಿ ಸಹಬಾಳ್ವೆಯ ಕೆಲಸಗಳಿಗೆ ಹೋಗುತ್ತದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಹಾಸನ, ಕೊಡಗು, ಚಾಮರಾಜನಗರದ ರೈತರಿಗೆ ಆ ಅಂಕಿ ಹೆಮ್ಮೆಯೂ ಹೌದು, ಭಯವೂ ಹೌದು. ಲಾಲ್‌ಬಾಗಿನಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡವರಿಗಿಂತ ಮೊದಲು ಈ ಆನೆಗಳನ್ನು ಕಂಡವರು, ರಾತ್ರಿ ಕಾಡಾನೆಯ ಸಪ್ಪಳಕ್ಕೆ ಎದ್ದು ಕೂರುವ ಹಾಡಿಗಳ ಜನ. ಕೃತಿಯ ಕಸುವು ಬಂದದ್ದು ಅಲ್ಲಿಂದ. ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುವ, ಹುಲಿ ಏರಿದ ಮಾದಪ್ಪನ (ಮಲೆ ಮಹದೇಶ್ವರನ) ಚಿತ್ರವನ್ನು ಜಾತ್ರೆಯಿಂದ ತಂದು ಮನೆಯಲ್ಲಿಡುವ ಸೋಲಿಗರಿಗೆ ಪ್ರಾಣಿರೂಪ ಹೊಸದೇನಲ್ಲ.

ಹೆಸರಿನ ಪ್ರಶ್ನೆ

ಸಣ್ಣ ಪ್ರದರ್ಶನಗಳ ದೊಡ್ಡ ಕೊರತೆ ದಾಖಲೆಯದು. ಶಾಲೆಗಳಲ್ಲಿ, ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹದ ಸ್ಪರ್ಧೆಗಳಲ್ಲಿ ಮಕ್ಕಳು ಬರೆದ ಹುಲಿ, ನವಿಲುಗಳು ಬಹುಮಾನ ವಿತರಣೆಯ ಸಂಜೆಗೆ ಚದುರಿಹೋಗುತ್ತವೆ. ಮೂರು ದಿನದ ಗ್ಯಾಲರಿ ಪ್ರದರ್ಶನಕ್ಕೆ ಆಹ್ವಾನಪತ್ರಿಕೆಯೇ ಉಳಿಯುವ ಏಕೈಕ ಗುರುತು. ಜಾನಪದ ಸಂಗ್ರಹಾಲಯಗಳ ಫಲಕಗಳಲ್ಲಿ ವಸ್ತುವಿನ ಹೆಸರು, ಊರು, ಕೆಲವೊಮ್ಮೆ ಸಂಗ್ರಹಿಸಿದವರ ಹೆಸರು ಇರುತ್ತದೆ, ಮಾಡಿದವರದು ಇರುವುದು ವಿರಳ. ಭೌಗೋಳಿಕ ಸೂಚಿಕೆ ಕಿನ್ನಾಳ, ಚನ್ನಪಟ್ಟಣ ಎಂಬ ಊರ ಹೆಸರುಗಳನ್ನು ಕಾಯುತ್ತದೆ, ಕುಶಲಕರ್ಮಿಯ ಹೆಸರನ್ನು ಕಾಯುವುದು ಅದರ ಕೆಲಸವಲ್ಲ. ಗ್ಯಾಲರಿಯ ಕ್ಯಾನ್ವಾಸಿನ ಮೂಲೆಯಲ್ಲಿ ಸಹಿ ಇರುತ್ತದೆ, ಅದರಷ್ಟೇ ಶ್ರಮದ ಗರುಡನ ಬುಡದಲ್ಲಿ ಇರುವುದಿಲ್ಲ.

ಇದಕ್ಕೆ ಹೊರತಾದ ಉದಾಹರಣೆಗಳೂ ಇವೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರು ಜೀವಮಾನವಿಡೀ ಊರೂರು ತಿರುಗಿ ತೊಗಲು ಗೊಂಬೆ ಆಡಿಸಿ, 90 ದಾಟಿದ ಮೇಲೆ 2025ರಲ್ಲಿ ಪದ್ಮಶ್ರೀ ಪಡೆದರು. ಪ್ರದರ್ಶನ ಏರ್ಪಡಿಸುವವರು ಮಾಡಬಹುದಾದ ಕೆಲಸ ಇಂಥ ಪ್ರಶಸ್ತಿಗಿಂತ ಬಹಳ ಚಿಕ್ಕದು: ಕೃತಿಯ ಕೆಳಗೆ ಮಾಡಿದವರ ಹೆಸರು, ಊರು, ಬಳಸಿದ ಮಣ್ಣು ಅಥವಾ ಮರ, ಯಾವ ಹಬ್ಬಕ್ಕೆಂದು ಮಾಡಿದ್ದು ಎಂಬ ನಾಲ್ಕು ಸಾಲು ಬರೆಯುವುದು, ಪ್ರದರ್ಶನ ಮುಗಿಯುವ ಮೊದಲು ಪ್ರತಿ ಕೃತಿಯ ಒಂದು ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು.